ಹೂವಿಲ್ಲದ ವರ್ಷದ ಜೇನು

ಜೇನು ಸಾಕುವವರ ಸಂಘಕ್ಕೆ ಅವಳು ಒಂಬತ್ತು ವರ್ಷದಿಂದ ಅಧ್ಯಕ್ಷೆ. ಸದಸ್ಯರೆಲ್ಲ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ವರ್ಷದ ಕೊನೆಯ ವಾರ ಸಂಘದ ವರದಿಗೆ ‘ಅಧ್ಯಕ್ಷರ ಮಾತು’ ಎಂದು ಒಂದು ಪುಟ ಬರೆದುಕೊಡುವುದು ಅವಳ ಕೆಲಸ. ಬೇರೆ ವರ್ಷಗಳಲ್ಲಿ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದರೊಳಗೆ ಬರೆದು ಮುಗಿಸುತ್ತಿದ್ದಳು. ಈ ಸಲ ಮೂರು ದಿನ ಕೂತರೂ ಕೈ ಓಡಲಿಲ್ಲ. ಸತತ ಎರಡನೇ ವರ್ಷ ಮಳೆ ಕೈಕೊಟ್ಟಿತ್ತು. ಸೂರ್ಯಕಾಂತಿ ಮೊಣಕಾಲೆತ್ತರಕ್ಕೆ ಬಂದು ಸುಟ್ಟುಹೋಗಿತ್ತು. ಬೇಲಿಯ ಗಿಡಗಳು ಮೊಗ್ಗನ್ನೇ ಬಿಟ್ಟಿರಲಿಲ್ಲ.

‘ಇಳುವರಿ ಕಾಲು ಭಾಗಕ್ಕೆ ಇಳಿದಿದೆ’ ಎಂದು ಬರೆಯುವ ಮುನ್ನ ಸರಿಯಾದ ಅಂಕಿ ತಿಳಿಯೋಣವೆಂದು ಅವಳು ಕಚೇರಿಯ ಕೆಳಗಿನ ಉಗ್ರಾಣಕ್ಕೆ ಇಳಿದಳು. ಬಾಟಲಿಗೆ ಚೀಟಿ ಅಂಟಿಸುತ್ತಿದ್ದ ಹೆಂಗಸು ಪುಸ್ತಕ ತಿರುವಿ ನೋಡಿ, ಹೋದ ವರ್ಷಕ್ಕಿಂತ ಈ ವರ್ಷವೇ ಒಂಚೂರು ಜಾಸ್ತಿ ಬಂದಿದೆ ಎಂದಳು. ಪಾಪ, ಅವಳ ದನಿಯಲ್ಲಿ ಕಪಟವಿರಲಿಲ್ಲ.

ದೊಡ್ಡಕ್ಕ ಕಪಾಟುಗಳತ್ತ ನೋಡಿದಳು. ನಲವತ್ತು ಸದಸ್ಯರ ಮನೆಯ ಜೇನು ಎಂದರೆ ನಲವತ್ತು ಬಣ್ಣ ಇರಬೇಕು. ಒಂದು ಎಳೆ ಹಳದಿ, ಇನ್ನೊಂದು ಹಾಲು ಹಾಕದ ಚಹಾದ ಹಾಗೆ. ಇಲ್ಲಿ ನೆಲದಿಂದ ಸೂರಿನವರೆಗೂ ಒಂದೇ ಬಣ್ಣ. ಒಂದು ಮುಚ್ಚಳ ತೆಗೆದು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಬರೀ ಸಕ್ಕರೆ. ಹೂವಿನ ವಾಸನೆಯ ಸುಳಿವೇ ಇಲ್ಲ. ನುಂಗಲಾಗದೆ ಹೊರಗೆ ಹೋಗಿ ಚರಂಡಿಗೆ ಉಗುಳಿದಳು. ಕೈಯಲ್ಲಿದ್ದ ಬಾಟಲಿಯ ಮೇಲೆ ‘ಅಪ್ಪಟ ಹೂಜೇನು’ ಎಂಬ ಅಕ್ಷರ, ಅದರ ಕೆಳಗೆ ಅವಳದೇ ಸಹಿ.

ಉಗ್ರಾಣ ನೋಡಿಕೊಳ್ಳುತ್ತಿದ್ದ ಸಂಘದ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಅವಳ ಮೈದುನ. ಕರೆಸಿ ಕೇಳಿದರೆ ಅವನು ಇಲ್ಲ ಎನ್ನಲೂ ಇಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು, ಬಣ್ಣ ಬೆರೆಸಿದ ಪಾಕ ಡ್ರಮ್ಮುಗಳಲ್ಲಿ ಬರುತ್ತದೆಂದೂ ಎಲ್ಲ ಕಡೆಯೂ ನಡೆಯುವುದು ಇದೇ ಎಂದೂ ಮಗುವಿಗೆ ಪಾಠ ಹೇಳುವಂತೆ ವಿವರಿಸಿದ.

“ಅಂಗಡಿಯವರು ಒಂದ್ಸಲ ಕೈಬಿಟ್ರೆ ಮತ್ತೆ ಹತ್ರ ಸೇರಿಸಲ್ಲ ಅತ್ತಿಗೆ. ಮಳೆ ಬರೋ ತನಕ ಹೇಗೋ ತಳ್ಳಬೇಕಲ್ಲ. ಯಾರಿಗೂ ಗೊತ್ತಾಗಲ್ಲ.”

“ನಂಗೆ ಒಂದು ಬೆರಳಲ್ಲೇ ಗೊತ್ತಾಯ್ತು.”

“ನಿಮ್ಮಂಥೋರು ಎಷ್ಟು ಜನ ಇದಾರೆ ಹೇಳಿ?” ಎಂದು ಅವನು ನಕ್ಕ. ಹೊಗಳುವಂತೆ ಆಡಿದ ಆ ಮಾತಿಗೆ ಮೈಮೇಲೆ ಹಲ್ಲಿ ಬಿದ್ದಂತೆ ಅವಳು ಕೊಡವಿಕೊಂಡು ಎದ್ದಳು.

ಉಗ್ರಾಣದ ಪುಸ್ತಕ ತೆಗೆದುಕೊಂಡು ಜೇನು ಕೊಟ್ಟವರ ಹೆಸರುಗಳನ್ನು ಓದುತ್ತ ಹೋದಳು. ಸಂಘಕ್ಕೆ ಜೇನುಪೆಟ್ಟಿಗೆ ಮಾಡಿಕೊಡುವ ಮುದುಕ ಬಡಗಿಯನ್ನು ಎಲ್ಲರೂ ಪೆಟ್ಟಿಗೆ ಮಾವ ಎನ್ನುತ್ತಿದ್ದರು. ಬೇಸಿಗೆಯಲ್ಲಿ ಅವನು ಸತ್ತ ಜೇನುನೊಣಗಳನ್ನು ಟವೆಲಿನಲ್ಲಿ ಕಟ್ಟಿ ತಂದು ಅವಳ ಮೇಜಿನ ಮೇಲೆ ಸುರಿದು ಹೋಗಿದ್ದ. ಅವನ ಹೆಸರಿನ ಮುಂದೆ ಹದಿನೆಂಟು ಕಿಲೋ ಎಂದಿತ್ತು.

ಅವತ್ತೇ ಮಧ್ಯಾಹ್ನ ಅವನ ಮನೆಗೆ ಹೋದಳು. ಹಿತ್ತಲಲ್ಲಿ ಪೆಟ್ಟಿಗೆಗಳು ಒಂದರ ಮೇಲೊಂದು ಖಾಲಿ ಬಿದ್ದಿದ್ದವು. ಒಳಗೆ ಮೇಣ ತಿನ್ನುವ ಹುಳು ಬಲೆ ಕಟ್ಟಿತ್ತು. ಮುದುಕ ಅವಳ ಮುಖ ನೋಡಲಿಲ್ಲ.

“ನಿನ್ನ ಮೈದುನ ಬಂದು ಸಹಿ ಹಾಕು ಅಂದ, ಹಾಕ್ದೆ. ನೀನೇ ಕಳಿಸಿದೀಯ ಅಂದ್ಕೊಂಡೆ ಕಣಮ್ಮ. ನಿನ್ನ ಹೆಸರು ಹೇಳಿದ್ಮೇಲೆ ನಾನು ಇನ್ನೇನು ಕೇಳ್ಲಿ?”

ಅಷ್ಟು ಹೊತ್ತು ಮೈದುನನ ಮೇಲಿದ್ದ ಹೇಸಿಗೆ ಈಗ ಅವಳ ಕಡೆಗೇ ತಿರುಗಿತು. ಚೀಟಿಯ ಅಚ್ಚಿಗೆಂದು ಸಹಿ ಕೊಟ್ಟದ್ದು ಒಂದೇ ಸಲ. ಅದು ಎಲ್ಲೆಲ್ಲಿ ಅಂಟುತ್ತಿದೆ ಎಂದು ಅವಳು ಯಾವತ್ತೂ ತಿರುಗಿ ನೋಡಿರಲಿಲ್ಲ. ಊರೂರು ಸುತ್ತಿ ಮೈಕಿನ ಮುಂದೆ ಬರದ ಬಗ್ಗೆ ಗಂಟಲು ಕಟ್ಟುವಂತೆ ಮಾತಾಡಿದ್ದಳು. ಅದೇ ದಿನಗಳಲ್ಲಿ ಹಿಂಬಾಗಿಲಿನಿಂದ ಡ್ರಮ್ಮುಗಳು ಉರುಳಿ ಬರುತ್ತಿದ್ದವು.

ಮನೆಗೆ ಬಂದವಳೇ ಪುಟ ಬರೆದಳು. ವರ್ಷಾಂತ್ಯದ ಸಭೆಯಲ್ಲಿ ಎದ್ದು ನಿಂತು ಓದಿದಳು: ಈ ವರ್ಷ ನಮಗೆ ಜೇನು ಸಿಗಲಿಲ್ಲ. ನಮ್ಮ ಉಗ್ರಾಣದಲ್ಲಿ ಇರುವುದು ಜೇನಲ್ಲ. ಅದರ ಮೇಲಿನ ಸಹಿ ಮಾತ್ರ ನನ್ನದೇ.

ಜಗಳವಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಉಪಾಧ್ಯಕ್ಷ ಎದ್ದು, ದೊಡ್ಡಕ್ಕನ ಮನಮುಟ್ಟುವ ಮಾತಿಗೆ ವಂದನೆ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಗೊತ್ತಿದ್ದವರೂ ತಟ್ಟಿದರು, ಗೊತ್ತಿಲ್ಲದವರೂ ತಟ್ಟಿದರು. ಆಮೇಲೆ, ಜಾಗದ ಕೊರತೆಯಿಂದ ಈ ಪುಟವನ್ನು ವರದಿಯಲ್ಲಿ ಹಾಕಲಾಗುವುದಿಲ್ಲವೆಂದೂ ಮುಂದಿನ ವರ್ಷಕ್ಕೂ ಅವಳೇ ಅಧ್ಯಕ್ಷೆಯೆಂದೂ ತೀರ್ಮಾನವಾಯಿತು. ಒಬ್ಬರಾದರೂ ಮುಖಕ್ಕೆ ಉಗಿದಿದ್ದರೆ ಅವಳಿಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ.

ಅಧ್ಯಕ್ಷಗಿರಿ ತನಗೆ ಬೇಡ, ಆದರೆ ಬೇರೆಯವರು ಬರುವ ತನಕ ಉಗ್ರಾಣದ ಬೀಗದ ಕೈ ತನ್ನ ಹತ್ತಿರವೇ ಇರುತ್ತದೆ ಎಂದು ಹೇಳಿ ಅವಳು ಕೆಳಗಿಳಿದಳು. ಮಾರಿದ್ದನ್ನು ವಾಪಸ್ ಕಳಿಸಿರೆಂದು ಅಂಗಡಿಗಳಿಗೆಲ್ಲ ಕಾಗದ ಬರೆದಳು. ಮರುದಿನದಿಂದ ಚೀಟಿಯ ಹೆಂಗಸು ಮತ್ತು ಅವಳು ನೆಲದ ಮೇಲೆ ಕೂತು ಬಾಟಲಿಗಳ ಚೀಟಿ ಕೀಳತೊಡಗಿದರು. ನೆನೆಹಾಕಿದರೆ ಬೇಗ ಬರುತ್ತಿತ್ತು, ಆದರೆ ಅಷ್ಟು ನೀರು ಹಾಳು ಮಾಡಲು ಮನಸ್ಸಾಗದೆ ಚಾಕುವಿನಿಂದ ಕೆರೆದರು. ಪೆಟ್ಟಿಗೆ ಮಾವ ಸದ್ದಿಲ್ಲದೆ ಬಂದು, ಉಳಿ ತೆಗೆದು ಪಕ್ಕದಲ್ಲಿ ಕೂತ. ಸಭೆಗೆ ಬಂದಿದ್ದವರಲ್ಲಿ ಇನ್ನಾರೂ ಬರಲಿಲ್ಲ.

ಎರಡನೇ ದಿನ ಮೈದುನ ಬಾಗಿಲಲ್ಲಿ ಬಂದು ನಿಂತ. ನಗು ಇಳಿದಿತ್ತು.

“ಅಂಗಡಿಯವರು ಫೋನ್ ಮೇಲೆ ಫೋನ್ ಮಾಡ್ತಿದಾರೆ. ನಾನೇನು ಹೇಳ್ಲಿ ಅತ್ತಿಗೆ?”

“ಬರ ಬಂದಿದೆ ಅಂತ ಹೇಳು,” ಎಂದಳು ಅವಳು, ತಲೆ ಎತ್ತದೆ. “ಅದನ್ನ ಹೇಳೋಕೆ ನಿಂಗೆ ನಾಚಿಕೆ. ಇದನ್ನ ಮಾರೋಕೆ ನಾಚಿಕೆ ಇರಲಿಲ್ಲ.”

ಅವನು ಹೊರಟುಹೋದ. ಸಂಜೆಯ ಹೊತ್ತಿಗೆ ಅವಳ ಉಗುರುಸಂದಿಯಲ್ಲೆಲ್ಲ ಅಂಟು ತುಂಬಿತ್ತು. ಕಪಾಟಿನಲ್ಲಿ ಇನ್ನೂ ಮುನ್ನೂರು ಬಾಟಲಿ ಉಳಿದಿದ್ದವು. ಅವಳು ಮುಂದಿನದಕ್ಕೆ ಕೈ ಹಾಕಿದಳು.