ನನ್ನ ಹೊಟ್ಟೆಯೊಳಗಿನ ಮರಳು

ನಾನು ಒಂದು ಜೀಪಿನ ಗಾರ್ಡು. ಗಾರ್ಡು ಎಂದರೆ ದೊಣ್ಣೆ ಹಿಡಿದು ನಿಲ್ಲುವವನಲ್ಲ. ಜೀಪಿನ ಮೂತಿಗೆ ಅಡ್ಡಲಾಗಿ, ಬಂಪರಿನ ಮುಂದೆ ಬೋಲ್ಟು ಹಾಕಿ ಕೂರಿಸುವ ಕಬ್ಬಿಣದ ಕಟ್ಟು. ಮೇಲೊಂದು ಬಾಗಿದ ಕೊಳವೆ, ಕೆಳಗೊಂದು ಬಾಗಿದ ಕೊಳವೆ, ನಡುವೆ ಎರಡು ಪಟ್ಟಿ. ಇಷ್ಟೇ ನನ್ನ ಮೈ. ಕಲ್ಲು ಬಂದರೂ ಕಾಟಿ, ಅಂದರೆ ಕಾಡೆಮ್ಮೆ, ಬಂದರೂ ಮೊದಲ ಏಟು ನನಗೆ. ಹೀಗೆ ಎಲ್ಲರಿಗಿಂತ ಮುಂದೆ ನಿಂತು ಏಟು ತಿನ್ನುವವರಿಗೆ ಸ್ವಲ್ಪ ಅನುಮಾನದ ಬುದ್ಧಿ ಇರಲೇಬೇಕು. ನನಗೆ ಸ್ವಲ್ಪವಲ್ಲ, ಬಹಳವೇ ಇತ್ತು. ಅದಕ್ಕೆ ಕಾರಣ ನನ್ನ ಹುಟ್ಟಿನಲ್ಲೇ ಇದೆ.

ನಾನು ಹುಟ್ಟಿದ್ದು ಕೊಳ್ಳೇಗಾಲದ ಹೊರಗೆ, ಲಿಂಗಾಚಾರಿ ಎಂಬುವರ ವೆಲ್ಡಿಂಗ್ ಶೆಡ್ಡಿನಲ್ಲಿ. ಕೊಳವೆಯನ್ನು ಹಾಗೇ ಬಗ್ಗಿಸಿದರೆ ಬಾಗುವ ಕಡೆ ಚಪ್ಪಟೆಯಾಗಿ ಸುಕ್ಕುಗಟ್ಟುತ್ತದೆ. ಅದಕ್ಕೆ ಆಚಾರಿಗಳು ಕೊಳವೆಯ ಒಂದು ಬಾಯಿ ಮುಚ್ಚಿ, ಇನ್ನೊಂದು ಬಾಯಿಯಿಂದ ಹುರಿದ ಹೊಳೆಮರಳನ್ನು ಒತ್ತಿ ಒತ್ತಿ ತುಂಬಿ, ಮರದ ಬಿರಡೆ ಜಡಿಯುತ್ತಿದ್ದರು. ಆಮೇಲೆ ನಡುಭಾಗವನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ನೆಲದಲ್ಲಿ ಹೂತಿದ್ದ ಲಾರಿ ರಿಮ್ಮಿನ ಸುತ್ತ ಮೆಲ್ಲಗೆ ಬಗ್ಗಿಸುವುದು. ಆರಿದ ಮೇಲೆ ಬಿರಡೆ ಕಿತ್ತು, ಮರಳು ಸುರಿದು, ಬಾಯಿಗೆ ತಗಡು ಬೆಸೆಯುವುದು.

ನನ್ನ ಮೇಲಿನ ಕೊಳವೆಗೆ ಎಲ್ಲವೂ ಕ್ರಮವಾಗಿ ನಡೆಯಿತು. ಕೆಳಗಿನದು ಇನ್ನೂ ಆರುತ್ತಿತ್ತು. ಆಗ ಕರೆಂಟು ಬಂತು! ಆ ದಿನಗಳಲ್ಲಿ ಕರೆಂಟು ಅವಸರದ ನೆಂಟರ ಹಾಗೆ, ಯಾವಾಗ ಎದ್ದು ಹೊರಡುತ್ತದೋ ಹೇಳುವಂತಿರಲಿಲ್ಲ. ಬೆಳಗಿನಿಂದ ಕಾದು ಬಿದ್ದಿದ್ದ ಗೇಟು, ಕಿಟಕಿ, ನೇಗಿಲು ಎಲ್ಲಕ್ಕೂ ಆಚಾರಿಗಳು ಓಡಾಡಿಕೊಂಡು ಬೆಸುಗೆ ಹಾಕಿದರು. ಅದೇ ಓಟದಲ್ಲಿ ನನ್ನ ಕೆಳಗಿನ ಕೊಳವೆಯ ಬಾಯಿಯೂ ಮುಚ್ಚಿತು. ಮರಳೂ ಒಳಗೆ ಉಳಿಯಿತು, ಬಿರಡೆಯೂ ಒಳಗೆ ಉಳಿಯಿತು.

ಇದು ಮರೆವೋ, ಮೋಸವೋ? ನಾನು ಮೋಸ ಎಂದೇ ನಂಬಿದೆ. ನನ್ನ ಕೊಳವೆ ತೆಳುವಾದದ್ದು. ಗಾರ್ಡು ಕೊಳ್ಳುವವರು ಮೊದಲು ನೋಡುವುದು ತೂಕ. ತೆಳು ಕೊಳವೆಗೆ ಮರಳಿನ ತೂಕ ಕೊಟ್ಟು, ಆ ಮರಳು ಸದ್ದು ಮಾಡದಿರಲೆಂದು ಬಿರಡೆಯನ್ನೂ ಒಳಗೇ ಬಿಟ್ಟಿದ್ದಾರೆ ಎಂದು ಲೆಕ್ಕ ಹಾಕಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ವಿಭೂತಿ ಬಳಿದವರೆಲ್ಲ ಸಾಧುಗಳಲ್ಲ ಎಂದು ಹುಟ್ಟಿದ ದಿನವೇ ತೀರ್ಮಾನಿಸಿಬಿಟ್ಟೆ.

ಎಂಟು ದಿನದ ಮೇಲೆ ಬಿಲ್ಲಯ್ಯ ಬಂದ. ಗುಂಜಿಮಲೆ ಎಂಬ ಕಾಡಿನ ಊರಿಗೆ ಜೀಪು ಓಡಿಸುವವನು. ಆ ಬೆಟ್ಟದ ದಾರಿಯಲ್ಲಿ ಗಾಡಿ ಓಡಿಸಲು ಅರಣ್ಯದವರ ಪಾಸು ಇದ್ದದ್ದು ಅವನೊಬ್ಬನಿಗೆ. ಊರಿನ ಅಕ್ಕಿ, ಸೀಮೆಎಣ್ಣೆ, ಕಾಯಿಲೆಯವರು, ಮದುವೆ ದಿಬ್ಬಣ, ಎಲ್ಲ ಅವನ ಜೀಪಿನಲ್ಲೇ ಹತ್ತಿ ಇಳಿಯಬೇಕು. ಹಿಂದಿನ ತಿಂಗಳು ಉರುಳಿದ ಕಲ್ಲೊಂದು ರೇಡಿಯೇಟರನ್ನು ತೂತು ಮಾಡಿತ್ತು. ಜೀಪಿಗೆ ಗಾರ್ಡು ಹಾಕಬೇಡಿ ಎಂದು ಆಗ ಯಾರೂ ಹೇಳುತ್ತಿರಲಿಲ್ಲ. ಜೊತೆಗೆ ಹೆಂಡತಿ ನೀಲಮ್ಮ ಬಂದಿದ್ದಳು. ಕಾಡಿನ ಹೆಂಗಸರು ತರುವ ಸೀಗೆಕಾಯಿಯನ್ನು ತೂಗಿ ಕೊಂಡು ಸಂತೆಯಲ್ಲಿ ಮಾರುವವಳು.

"ಮೂರವೆ ನೋಡಪ್ಪ," ಎಂದರು ಆಚಾರಿ. "ಹೊಳೀತಾ ಅದಲ್ಲ, ಅದು ಪೇಟೆಯೋರ ಶೋಕಿಗೆ. ಇದು ಫೈಬರ್ರು, ಮೇಕೆ ಗುದ್ದಿದ್ರೂ ಸೀಳ್ತದೆ. ಈ ಕರೀದು ಕಾಡ್ಗೆ."

ಬಿಲ್ಲಯ್ಯ ಹೊಳೆಯುವುದನ್ನು ಒಂದು ಕೈಯಲ್ಲಿ ಎತ್ತಿ ಇಟ್ಟ. ಫೈಬರಿನದನ್ನು ಮುಟ್ಟಲೂ ಇಲ್ಲ. ನನ್ನನ್ನು ಎತ್ತುವಾಗ ಎರಡೂ ಕೈ ಹಾಕಬೇಕಾಯಿತು, ಮೊಣಕಾಲು ಬಾಗಿತು. ಅವನ ಮುಖ ಅರಳಿತು.

"ಇದು ಕಣಪ್ಪ ಗಾರ್ಡು ಅಂದ್ರೆ!"

"ತೂಕ ಅದೆ, ಸರಿ," ಎಂದಳು ನೀಲಮ್ಮ. "ಯಾಕೆ ತೂಕ ಅದೆ ಅಂತ ಕೇಳಿ."

"ಕಬ್ಬಿಣ ತೂಕ ಇಲ್ದೆ ಹತ್ತಿ ತೂಕ ಇದ್ದದಾ ಅಮ್ಮಿ?"

"ಸೀಗೆಕಾಯಿ ಮೂಟೆನೂ ಹಿಂಗೇ ತೂಕ ಬತ್ತದೆ. ಸುರುದ್ರೆ ತಳದಲ್ಲಿ ಮಣ್ಣು."

ಅವಳು ಬೆರಳ ಗೆಣ್ಣಿನಿಂದ ನನ್ನ ಮೇಲಿನ ಕೊಳವೆಗೆ ಬಡಿದಳು. ಟಣ್ ಎಂದೆ. ಕೆಳಗಿನದಕ್ಕೆ ಬಡಿದಳು. ದಪ್ ಎಂದೆ. "ಇದ್ಯಾಕೆ ಸೀತ ಆದೋರಂಗೆ ಮಾತಾಡ್ತದೆ?" ಎಂದು ಆಚಾರಿಯನ್ನು ಕೇಳಿದಳು. ನನಗೆ ರೋಮಾಂಚನವಾಯಿತು, ರೋಮ ಇಲ್ಲದಿದ್ದರೂ. ನನ್ನ ಜಾತಿಯ ಬುದ್ಧಿ ಇರುವ ಒಂದು ಜೀವ ಕೊನೆಗೂ ಸಿಕ್ಕಿತ್ತು.

ಆಚಾರಿ ಗೇಟೊಂದನ್ನು ಬೆಸೆಯುತ್ತಿದ್ದವರು ತಿರುಗಿ ಕೂಡ ನೋಡಲಿಲ್ಲ. "ಕಬ್ಬಿಣದ ಗಂಟಲು ಕಣವ್ವ, ಒಂದೊಂದು ಒಂದೊಂದು ಥರ," ಎಂದರು. ಕಣ್ಣು ತಪ್ಪಿಸಿದರು, ಕಳ್ಳ! ಎಂದುಕೊಂಡೆ. ಬಿಲ್ಲಯ್ಯ ಹೆಂಡತಿಯ ಮಾತನ್ನು ಗಾಳಿಗೆ ಬಿಟ್ಟು ನನ್ನನ್ನೇ ಆರಿಸಿದ. ಜೀಪಿಗೆ ಕೂರಿಸಿ, ವಿಭೂತಿ ಬಳಿದು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಮಾದಪ್ಪನಿಗೆ ಉಘೇ ಎಂದು ಬೆಟ್ಟ ಹತ್ತಿಸಿದ.

ಬೆಟ್ಟದಲ್ಲಿ ನಾನು ಯಾರನ್ನೂ ನಂಬಲಿಲ್ಲ. ಮೈ ಉಜ್ಜಲು ಬರುವ ಮೇಕೆಗಳನ್ನು ನಂಬಲಿಲ್ಲ, ಅವಕ್ಕೆ ನನ್ನ ಬಣ್ಣದ ಮೇಲೆ ಕಣ್ಣು. ನನ್ನ ಮೇಲೆ ಕಾಲಿಟ್ಟು ಬಾನೆಟ್ಟು ಹತ್ತುವ ಪ್ರಯಾಣಿಕರನ್ನು ನಂಬಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನೇ ನಾನು ನಂಬಲಿಲ್ಲ. ನಿಜವಾದ ಏಟು ಬಿದ್ದ ದಿನ ಹಪ್ಪಳದ ಹಾಗೆ ಮುರಿದು ಬೀಳುತ್ತೇನೆ, ಆಗ ಬಿಲ್ಲಯ್ಯನ ಗತಿ ಏನು ಎಂಬ ಹೆದರಿಕೆ ಸದಾ ಇತ್ತು.

ಆ ದಿನ ಬಂತು. ಬಿದಿರು ಮೆಳೆಯ ತಿರುವಿನಲ್ಲಿ ಒಂಟಿ ಕಾಟಿಯೊಂದು ತಲೆ ತಗ್ಗಿಸಿ ಬಂದು ನೇರ ನನ್ನ ಕೆಳಗಿನ ಕೊಳವೆಗೇ ಗುದ್ದಿತು. ಜೀಪು ಒಂದು ಮಾರು ಹಿಂದಕ್ಕೆ ಹೋಯಿತು. ನಾನು ಬಗ್ಗಲಿಲ್ಲ. ಒಳಗೆ ಮರಳು ಬಿಗಿದು ಕೂತಿದ್ದರಿಂದ ತೆಳು ಕೊಳವೆಗೆ ಸುಕ್ಕುಗಟ್ಟಲು ಜಾಗವೇ ಇರಲಿಲ್ಲ. ಕಾಟಿ ಒಮ್ಮೆ ಬುಸುಗುಟ್ಟಿ ಕಾಡಿಗೆ ಇಳಿಯಿತು. ಅಂದಿನಿಂದ ಬಿಲ್ಲಯ್ಯನಿಗೆ ನನ್ನದೇ ಜಪ. "ಕಾಟಿ ತಡೆದ ಗಾರ್ಡು! ತೂಕ ನೋಡಿ ಆರಿಸಿದ್ದು ನಾನು!" ಎಂದು ಟೀ ಅಂಗಡಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಕ್ಷೌರದ ಕಟ್ಟೆಯಲ್ಲಿ ಹೇಳಿದ. ಕಬ್ಬಿಣಕ್ಕೆ ಹೊಗಳಿಕೆ, ಕೆಲಸ ಮಾಡಿದ್ದು ಮರಳು. ನಾನೂ ಬಾಯಿ ಮುಚ್ಚಿಕೊಂಡು ಹೊಗಳಿಸಿಕೊಂಡೆ.

ಆದರೆ ಆ ಗುದ್ದಿಗೆ ಒಳಗಿನ ಬಿರಡೆ ಸಡಿಲವಾಯಿತು. ಕಲ್ಲುದಾರಿಯ ಕುಲುಕಾಟಕ್ಕೆ ಮರಳು ಕುಸಿದು ಜಾಗವಾಯಿತು. ಜೀಪು ಎಡಕ್ಕೆ ವಾಲಿದರೆ ಎಡಕ್ಕೆ ಸರ್ರ್, ಬಲಕ್ಕೆ ವಾಲಿದರೆ ಬಲಕ್ಕೆ ಸರ್ರ್. ಹಾವು ಹೊಕ್ಕಿದೆ ಎಂದು ಒಂದು ದಿನ ಪ್ರಯಾಣಿಕರೆಲ್ಲ ಹಾರಿ ಇಳಿದು ಬಾನೆಟ್ಟಿಗೆ ಕೋಲಿನಲ್ಲಿ ಬಡಿದರು. ನೀಲಮ್ಮ ಮಾತ್ರ ನನಗೆ ಕಿವಿ ಹಚ್ಚಿ ಕೂತು, ಎದ್ದು ಹೇಳಿದಳು.

"ಮರಳು ಕಣ್ರೀ ಇದು. ಕುಯ್ಸಿ ಸುರುದ್ಬುಡಿ."

"ಕಾಟಿ ತಡುದಿದ್ದು ಮರಳಾ?" ಎಂದು ಬಿಲ್ಲಯ್ಯ ರೇಗಿದ. "ಕಾಮಾಲೆ ಕಣ್ಣೋರ್ಗೆ ಕಾಣೋದೆಲ್ಲ ಹಳದಿ. ನಿಂಗೆ ಎಲ್ಲಾದ್ರಲ್ಲೂ ಮಣ್ಣೇ ಕಾಣ್ತದೆ." ಆಮೇಲೆ ದನಿ ತಗ್ಗಿಸಿ, "ಯಾರ್ಗೂ ಹೇಳ್ಬ್ಯಾಡ," ಎಂದ. ಅವನಿಗೂ ಗೊತ್ತಾಗಿತ್ತು. ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ.

ನಾನು ಬಂದ ಎರಡನೆಯ ಮಳೆಗಾಲ ಕಳೆದ ಮೇಲೆ ಬೆಟ್ಟದ ಬುಡದ ಅರಣ್ಯ ಚೆಕ್‌ಪೋಸ್ಟಿಗೆ ಶಿವನಂಜಪ್ಪ ಎಂಬ ಹೊಸ ಗಾರ್ಡು ಬಂದ. ಅವನೂ ಗಾರ್ಡು, ನಾನೂ ಗಾರ್ಡು, ಇಬ್ಬರ ಕಸುಬೂ ಅನುಮಾನವೇ. ಎಲ್ಲೋ ಲಾರಿಯೊಂದರ ಖಾಲಿ ಟ್ಯಾಂಕಿನಲ್ಲಿ ಗಂಧದ ಚೆಕ್ಕೆ ಸಿಕ್ಕಿತ್ತಂತೆ. ಅದಕ್ಕೆ ಅವನು ಪ್ರತಿ ಗಾಡಿಯನ್ನೂ ಮೂಸಿ ನೋಡಿ, ಲಾಠಿಯಿಂದ ತಟ್ಟಿ ಬಿಡುತ್ತಿದ್ದ. ನನಗೂ ತಟ್ಟಿದ. ಟಣ್. ಇನ್ನೊಮ್ಮೆ ತಟ್ಟಿದ. ದಪ್.

"ಇದ್ರಲ್ಲಿ ಏನಯ್ಯ ತುಂಬಿದ್ದೀಯ?"

"ಏನೂ ಇಲ್ಲ ಸಾ."

"ಏನೂ ಇಲ್ದಿದ್ರೆ ಯಾಕಯ್ಯ ಬೆವರ್ತಾ ಇದ್ದೀಯ?"

ಬಿಲ್ಲಯ್ಯ ತಟ್ಟನೆ ಹಣೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು. ಹಿಂದೆ ಅಕ್ಕಿ ಮೂಟೆಗಳ ನಡುವೆ ಕೂತಿದ್ದ ನೀಲಮ್ಮ ತಡೆಯಲಾರದೆ, "ಮರಳದೆ ಸಾ ಒಳಗೆ!" ಎಂದಳು.

"ಮೊದ್ಲು ಏನೂ ಇಲ್ಲ, ಈಗ ಮರಳು. ಆಮೇಲೆ ಏನಮ್ಮ?" ಎಂದು ಶಿವನಂಜಪ್ಪ ಪಾಸನ್ನು ಮಡಿಚಿ ಜೇಬಿಗೆ ಹಾಕಿಕೊಂಡ. ಸಾಹೇಬರ ಮುಂದೆ ಕೊಯ್ಯಿಸಿ ನೋಡುವವರೆಗೆ ಜೀಪು ಅಲುಗಬಾರದು, ಗಂಧ ಸಿಕ್ಕಿದರೆ ಪಾಸೂ ಇಲ್ಲ, ಬಿಲ್ಲಯ್ಯ ಮನೆಯಲ್ಲೂ ಇರುವುದಿಲ್ಲ ಎಂದ.

ಜೀಪಿನಲ್ಲಿ ಗುಂಜಿಮಲೆಯ ಪಡಿತರ ಅಕ್ಕಿ ಇತ್ತು. ಊರಿನವರು ಇಳಿದು ಬಂದು ಅದನ್ನು ತಲೆಯ ಮೇಲೆ ಹೊತ್ತು ಬೆಟ್ಟ ಹತ್ತಿದರು. ಜಡೆಯಪ್ಪ ಎಂಬ ಮುದುಕ ಮೂಟೆ ಎತ್ತುವಾಗ, "ಅದ್ಕೇ ಆ ಪಾಟಿ ಸದ್ದು ಮಾಡ್ತಿತ್ತು ಕಣ್ರಪ್ಪ," ಎಂದು ಬಿಲ್ಲಯ್ಯನಿಗೆ ಕೇಳುವಂತೆ ಅಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಗಂಧದ ಚೆಕ್ಕೆ ಬೆಟ್ಟದ ನೆತ್ತಿ ಮುಟ್ಟುವಷ್ಟರಲ್ಲಿ ಆನೆದಂತವಾಗಿತ್ತು. ಹತ್ತು ವರ್ಷ ಇವನ ಜೀಪಿನಲ್ಲಿ ಕೂತವರು ಈಗ ಇವನ ಮುಖ ನೋಡದೆ ಹಾದು ಹೋದರು.

ಬಿಲ್ಲಯ್ಯ ಎರಡು ದಿನ ನನ್ನ ಪಕ್ಕ ನೆಲದಲ್ಲೇ ಕೂತಿದ್ದ. "ಕಾಟಿ ಮುಂದೆ ಮಾನ ಉಳಿಸ್ದೆ," ಎಂದ ನನ್ನನ್ನು ನೋಡಿ, "ಈಗ ನೀನೇ ಕಳೀತಿದ್ದೀಯಲ್ಲ." ನನಗೆ ಬಹಳ ಸಂಕಟವಾಯಿತು. ಆ ಸಂಕಟದಲ್ಲೂ, ಎಲ್ಲಕ್ಕೂ ಕಾರಣ ಆ ಆಚಾರಿ, ಅವನ ಬಣ್ಣ ಬಯಲಾಗಲಿ ಎಂದು ಹಲ್ಲು ಕಡಿಯುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಸಾಹೇಬರು ಬಂದರು. ಕಬ್ಬಿಣ ಕೊಯ್ಯಲು ಗ್ಯಾಸ್ ಸಿಲಿಂಡರಿನ ಸಮೇತ ಕರೆಸಿದ್ದು ಲಿಂಗಾಚಾರಿಯನ್ನೇ! ಅವರು ನನ್ನನ್ನು ನೋಡಿ, "ಅರೆ, ನಾ ಮಾಡಿದ್ದು," ಎಂದರು. ಬೆಂಕಿ ಹಚ್ಚಿ ಕೆಳಗಿನ ಕೊಳವೆಯ ತುದಿ ಕೊಯ್ದರು. ನೋವಾಯಿತು, ಸುಳ್ಳೇಕೆ ಹೇಳಲಿ. ತುದಿಯ ತಗಡು ಕಳಚಿತು. ನೀಲಮ್ಮ ಹಾಸಿದ್ದ ಗೋಣಿಯ ಮೇಲೆ ನನ್ನ ಹೊಟ್ಟೆಯೊಳಗಿದ್ದದ್ದೆಲ್ಲ ಸುರಿಯಿತು. ಮರಳು. ಬರೀ ಮರಳು.

ಶಿವನಂಜಪ್ಪ ಬಿಡಲಿಲ್ಲ, ಕೈಯಾಡಿಸಿದ, ಮೂಸಿದ. ನೀಲಮ್ಮ ತನ್ನ ಜರಡಿ ಚಾಚಿದಳು. "ತಕ್ಕಳಿ ಸಾ, ಚೆನ್ನಾಗಿ ಜರಡಿ ಹಿಡೀರಿ." ಹಿಡಿದ. ಜರಡಿಯಲ್ಲಿ ಮರದ ತುಂಡೊಂದು ಉಳಿಯಿತು, ಒಂದು ತುದಿ ಕರಿಕಲು. "ಇದೇನು, ಗಂಧನಾ?" ಎಂದು ಅವನು ಮೂಗಿಗೆ ಹಿಡಿಯುವಷ್ಟರಲ್ಲಿ ಆಚಾರಿ ಅದನ್ನು ಕಿತ್ತುಕೊಂಡರು.

"ಹುಣಸೆ ಮರದ್ದು ಸಾ. ನಮ್ಮಪ್ಪನ ಬಿರಡೆ ಇದು! ಎರಡು ವರ್ಷದಿಂದ ಹುಡುಕ್ತಿದ್ದೀನಿ."

ಅಪ್ಪ ಕೆತ್ತಿದ ಬಿರಡೆಯಂತೆ. ಅಪ್ಪ ಸತ್ತ ಮೇಲೆ ತಮ್ಮ ಬಸವಾಚಾರಿ ಅದನ್ನು ಕೇಳಿದ್ದನಂತೆ, ಇವರು ಕೊಟ್ಟಿರಲಿಲ್ಲ. ಕಾಣೆಯಾದಾಗ ಅವನೇ ಕದ್ದ ಎಂದು ಬಾಯಿಗೆ ಬಂದದ್ದು ಅಂದು, ಮಾತು ಬಿಟ್ಟು, ಅವನ ಮಗಳ ಮದುವೆಗೂ ಹೋಗಿರಲಿಲ್ಲ. "ಅವತ್ತು ಕರೆಂಟು ಬಂದ್ಬುಡ್ತು ಕಣಪ್ಪ," ಎಂದು ಬಿಲ್ಲಯ್ಯನ ಮುಂದೆ ಕೂತು ಅತ್ತರು. "ಕರೆಂಟು ಬಂತು ಅಂತ ಓಡುದ್ನಲ್ಲ, ಮರಳು ಸುರಿಯೋದೇ ಮರ್ತೆ. ಸುಮ್ಸುಮ್ಕೆ ತಮ್ಮನ್ನ ಕಳ್ಳ ಅಂದ್ನಲ್ಲ!"

ಮೋಸ ಮಾಡುವವನು ಮೋಸದೊಳಗೆ ಅಪ್ಪನ ಬಿರಡೆಯನ್ನು ಹಾಕುತ್ತಾನೆಯೇ? ಎರಡು ವರ್ಷ ಆ ಬಿರಡೆ ನನ್ನ ಹೊಟ್ಟೆಯಲ್ಲೇ ಇತ್ತು. ಅದನ್ನೇ ಸಾಕ್ಷಿ ಮಾಡಿಕೊಂಡು ನಾನು ಅವರನ್ನು ಕಳ್ಳ ಎಂದಿದ್ದೆ. ಅದೇ ಬಿರಡೆ ಇಲ್ಲವೆಂದು ಅವರು ತಮ್ಮನನ್ನು ಕಳ್ಳ ಎಂದಿದ್ದರು. ಕಾಮಾಲೆ ಕಣ್ಣು ನೀಲಮ್ಮನದಲ್ಲ, ನನ್ನದು. ಅವಳು ಅನುಮಾನ ಬಂದಾಗ ತಟ್ಟಿ ನೋಡಿದಳು, ಕಿವಿ ಹಚ್ಚಿದಳು, ಸುರಿದು ನೋಡಿ ಎಂದಳು. ನಾನು ಅನುಮಾನವನ್ನು ಮರಳಿನ ಹಾಗೆ ಒಳಗೇ ತುಂಬಿಟ್ಟುಕೊಂಡೆ. ನನಗೆ ನಾಚಿಕೆಯಾಯಿತು.

ಶಿವನಂಜಪ್ಪ ಪಾಸು ವಾಪಸು ಕೊಟ್ಟ. "ಮರಳು ಅಂತ ಮೊದ್ಲೇ ಯಾಕಯ್ಯ ಹೇಳ್ಲಿಲ್ಲ?"

ಬಿಲ್ಲಯ್ಯ ನೆಲ ನೋಡಿದ. ಗಾರ್ಡು ಕೊಯ್ಯುತ್ತಾರೆಂದು ಕೇಳಿ ಇಳಿದು ಬಂದಿದ್ದ ಊರಿನವರು, ಜಡೆಯಪ್ಪನೂ ಸೇರಿ, ಸುತ್ತ ನಿಂತಿದ್ದರು. "ಇವಳು ಬ್ಯಾಡ ಅಂದಿದ್ಲು ಸಾ. ತೂಕ ನೋಡಿ ನಾನೇ ಆರಿಸ್ದೆ. ಕಾಟಿ ತಡೀತು ಅಂತ ಊರೆಲ್ಲ ಸಾರಿದ್ದೆ. ಒಳಗೆ ಮರಳು ಅನ್ನೋಕೆ ಮಾನ ಹೋಯ್ತದೆ ಅನ್ನುಸ್ತು."

"ಈಗೇನು ಉಳೀತಾ?" ಎಂದಳು ನೀಲಮ್ಮ. ಜಡೆಯಪ್ಪ ಮೊದಲು ನಕ್ಕ, ಆಮೇಲೆ ತಾನೇ ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂತ. ಬಿಲ್ಲಯ್ಯನಿಗೆ ಅಷ್ಟು ಸಾಕಾಗಿತ್ತು. ಆಚಾರಿ ಬಿರಡೆಯನ್ನು ಟವಲಿನಲ್ಲಿ ಕಟ್ಟಿಕೊಂಡು, ಶೆಡ್ಡಿನ ದಾರಿ ಬಿಟ್ಟು, ತಮ್ಮನ ಊರಿನ ಬಸ್ಸು ಹತ್ತಿದರು. ಅಲ್ಲಿ ಬಾಗಿಲು ತೆರೆಯಿತೋ ಇಲ್ಲವೋ ನನಗೆ ತಿಳಿಯದು.

ಮುಂದಿನ ವಾರ ಹೊಸ ಗಾರ್ಡು ಬಂತು. ಈ ಸಲ ಆರಿಸಿದ್ದು ನೀಲಮ್ಮ. ದಪ್ಪ ಕೊಳವೆ ತರಿಸಿ, ಬಗ್ಗಿಸಿದ ಮೇಲೆ ಎರಡೂ ಬಾಯಿ ತೆರೆಸಿ, ಈ ಕಡೆಯಿಂದ ನೀರು ಹುಯ್ದು ಆ ಕಡೆ ಸಲೀಸಾಗಿ ಬಂದ ಮೇಲೆಯೇ ತಗಡು ಬೆಸೆಯಲು ಬಿಟ್ಟಳಂತೆ. ಕರೆಂಟು ಬಂದರೂ ಆಚಾರಿ ಓಡಲಿಲ್ಲವಂತೆ.

ನನ್ನನ್ನು ಬಿಲ್ಲಯ್ಯ ಜೀಪಿನಿಂದ ಬಿಚ್ಚಿದಾಗ ಆಶ್ಚರ್ಯದಿಂದ ಒಮ್ಮೆ ಕೆಳಗಿಟ್ಟು ಮತ್ತೆ ಎತ್ತಿದ. ಸಲೀಸಾಗಿ ಎತ್ತಿದ. ಗುಜರಿಗೆ ಹಾಕಲು ನೀಲಮ್ಮ ಬಿಡಲಿಲ್ಲ. ಮನೆಯ ಮುಂದೆ ಎರಡು ಗೂಟ ನೆಟ್ಟು, ನನ್ನನ್ನು ಅಡ್ಡಲಾಗಿ ಕಟ್ಟಿ, ನಡುವಿಗೆ ತನ್ನ ತಕ್ಕಡಿ ತೂಗುಹಾಕಿದಳು. ಕಳ್ಳತೂಕದ ಹೊಟ್ಟೆ ಹೊತ್ತು ಹುಟ್ಟಿದ ನಾನು ಈಗ ಸರಿತೂಕ ಹೊತ್ತು ನಿಂತಿದ್ದೇನೆ. ಮೈ ತುಕ್ಕು ಹಿಡಿದಿದೆ, ಬೆಳಗಿನ ಹೊತ್ತು ಒಂದು ಓತಿಕ್ಯಾತ ಬಂದು ಕೂರುತ್ತದೆ. ಯಾಕೆ ಬಂತು ಎಂದು ನಾನು ಈಗ ಕೇಳುವುದಿಲ್ಲ.

ಸೀಗೆಕಾಯಿ ಕಾಲದಲ್ಲಿ ಬಿಲ್ಲಯ್ಯ ಮೂಟೆ ಹೊತ್ತು ತರುತ್ತಾನೆ. "ಒಳ್ಳೆ ತೂಕ ಅದೆ ಕಣಮ್ಮಿ," ಎನ್ನುತ್ತಾನೆ. ನೀಲಮ್ಮ ಬೆರಳ ಗೆಣ್ಣಿನಿಂದ ನನ್ನನ್ನು ಒಮ್ಮೆ ತಟ್ಟುತ್ತಾಳೆ. ಟಣ್ ಎನ್ನುತ್ತೇನೆ.

"ಸುರೀರಿ ಮೊದ್ಲು," ಎನ್ನುತ್ತಾಳೆ.

ಬಿಲ್ಲಯ್ಯ ಮೂಟೆಯ ಬಾಯಿ ಬಿಚ್ಚಿ ಸುರಿಯುತ್ತಾನೆ.