ಗಾರ್ನೆಟ್ ಫೋನು ಮಾಡಿದ!

ಜೈಲಿನಿಂದ ಬಿಡುಗಡೆಯಾದ ಗಾರ್ನೆಟ್ ತಮ್ಮ ಬೀದಿಯಲ್ಲೇ ಕೋಣೆ ಹಿಡಿದಿದ್ದಾನೆಂದು ತಿಳಿದ ದಿನ ವರ್ನಾ ಡ್ಯೂಕ್ ಮೊಮ್ಮಗಳನ್ನು ಅಂಗಳಕ್ಕೂ ಬಿಡಲಿಲ್ಲ. ಮಗುವೊಂದರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿ ಶಿಕ್ಷೆ ಮುಗಿಸಿ ಬಂದವನು ಅವನು. ಹಿಮ ಎತ್ತುತ್ತಿದ್ದ ಸಲಿಕೆಯನ್ನು ಹಿಡಿದೇ ವರ್ನಾ ಪಕ್ಕದ ಮನೆಯ ಲೊರೆಟ್ಟಾಳನ್ನು ತರಾಟೆಗೆ ತೆಗೆದುಕೊಂಡಳು. ಲೊರೆಟ್ಟಾ ಜೈಲಿನಲ್ಲಿ ಮನಶ್ಶಾಸ್ತ್ರಜ್ಞೆಯಾಗಿದ್ದು ನಿವೃತ್ತಳಾದವಳು.

"ಅವನ ಜೊತೆ ವಾರವಾರ ಕಾಫಿ ಕುಡೀತೀರಂತೆ? ನಾಚಿಕೆ ಆಗಲ್ವೇನೇ?"

"ಅವನ ಮೇಲೆ ಕಣ್ಣಿಡೋಕೆ ನಾವು ಊರಿನ ಕೆಲವರು ಸೇರಿ ಕೂರ್ತೀವಿ ಕಣೆ. ಓಡಿಸಿದ್ರೆ ಎಲ್ಲಿಗೆ ಹೋಗ್ತಾನೆ? ಯಾರಿಗೂ ಗೊತ್ತಿಲ್ದಿರೋ ಜಾಗಕ್ಕೆ."

"ಅಂಥವನ ತಲೇಲಿ ಏನಿರುತ್ತೋ!"

"ಜೈಲಲ್ಲಿ ಅಂಥವರನ್ನ ತುಂಬ ನೋಡಿದೀನಿ. ಚಿಕ್ಕಂದಿನಲ್ಲಿ ಅತ್ತಾಗ ಯಾರೂ ಬರ್ದೇ ಇದ್ರೆ ಕೆಲವರು ಸಿಕ್ಕವರಿಗೆ ಅಂಟ್ಕೋತಾರೆ. ಕೆಲವರು ಒಳಗೇ ಬಾಗಿಲು ಹಾಕ್ಕೋತಾರೆ. ಗಾರ್ನೆಟ್ ಬಾಗಿಲು ಹಾಕ್ಕೊಂಡವನು. ನೋವಾದ್ರೆ ಅಡಗ್ತಾನೆ. ಒಬ್ಬನೇ ಅಡಗಿದಾಗ್ಲೇ ಅಪಾಯ."

"ಓಹೋ, ತಪ್ಪೆಲ್ಲ ಅವರಮ್ಮಂದು ಅನ್ನು!"

"ಇಲ್ಲ. ಹಾಗೆ ಬೆಳೆದ ಎಷ್ಟೋ ಜನ ಯಾರಿಗೂ ಕೇಡು ಮಾಡಿಲ್ಲ. ತಪ್ಪು ಅವನದೇ. ಮತ್ತೆ ಆಗ್ಬಾರ್ದು ಅಂತ ನಮ್ಮ ಒದ್ದಾಟ. ನೀನೂ ಬಾ. ಅವನನ್ನ ನಂಬೋರು ಬೇಡ, ಬಿಡದೆ ಕೇಳೋರು ಬೇಕು."

ವರ್ನಾ ಆ ವಾರದ ಕಾಫಿಗೆ ಹೋದಳು, ಜಗಳಕ್ಕೆಂದೇ. ಅವನು ಪ್ರತಿ ವಾರವೂ "ಚೆನ್ನಾಗಿದೀನಿ" ಎಂದು ಮೇಜು ನೋಡುತ್ತಿದ್ದ. "ಸುಳ್ಳು! ನಿದ್ದೆಗೆಟ್ಟ ಮುಖ ಅದು. ಸರಿಯಾಗಿ ಹೇಳು!" ಎಂದು ಅವಳು ಗದರುತ್ತಿದ್ದಳು.

ಹಿಮ ಕರಗುವ ಹೊತ್ತಿಗೆ, ಒಂದು ಮಧ್ಯಾಹ್ನ ಅವಳು ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಾಗ ಫೋನು ಬಂತು.

"ವರ್ನಾ... ನನ್ನ ಕೆಲಸ ಹೋಯ್ತು. ಶಾಲೆ ಕಡೆ ನಡ್ಕೊಂಡು ಹೊರಟಿದ್ದೆ. ಹಿಂದಕ್ಕೆ ಬಂದುಬಿಟ್ಟೆ. ನಂಗೆ ನನ್ನ ಮೇಲೇ ನಂಬಿಕೆ ಇಲ್ಲ."

"ಎಲ್ಲಿದೀಯ? ಗ್ರಂಥಾಲಯದ ಮೆಟ್ಟಿಲ ಮೇಲಾ? ಅಲ್ಲಾಡಬೇಡ! ನಿನ್ನ ಮೇಲೆ ನಿಗಾ ಇಡೋ ಅಧಿಕಾರಿಗೂ ಈಗ್ಲೇ ಹೇಳ್ತೀನಿ."

"ಹೇಳಿ" ಎಂದ ಅವನು.

ಹಿಟ್ಟಿನ ಕೈಯಲ್ಲೇ, ಚಪ್ಪಲಿಯಲ್ಲೇ ಅವಳು ಕೆಸರು ಹಾರಿಸುತ್ತ ಓಡಿದಳು. "ಲೊರೆಟ್ಟಾ! ಫೋನ್ ಮಾಡ್ದ ಕಣೇ! ಅವನಾಗೇ ಮಾಡ್ದ! ಕಾರು ತೆಗಿ!"

ಇಬ್ಬರೂ ತಲುಪಿದಾಗ ಅವನು ಅಲ್ಲೇ ಕುಳಿತಿದ್ದ. ಅಧಿಕಾರಿಯೂ ಬಂದರು. ಅವನ ಮೇಲಿನ ಕಟ್ಟುಪಾಡು ಬಿಗಿಯಾಯಿತು, ಚಿಕಿತ್ಸೆ ಹೆಚ್ಚಿತು. ಶಾಲೆಯ ಮಕ್ಕಳು ಎಂದಿನಂತೆ ಕೂಗಾಡುತ್ತ ಮನೆ ಸೇರಿದರು.

"ನಾನಂತೂ ಕ್ಷಮಿಸಿಲ್ಲ," ಎಂದಳು ವರ್ನಾ, ಕೈಗಂಟಿದ ಹಿಟ್ಟು ಉಜ್ಜಿ ಉದುರಿಸುತ್ತ. "ಆದ್ರೆ ಮುಂದಿನ ವಾರ ಬಂದೇ ಬರ್ತೀನಿ."

ಓದುವವರೇ, ಮಗು ಅತ್ತರೆ ಹತ್ತಿರ ಹೋಗಿ. ತನಗಾದ ಕೇಡನ್ನು ಅದು ಹೇಳಿದರೆ ನಂಬಿ, ಕೂಡಲೇ ದೂರು ಕೊಡಿ. ಮಗುವಿಗೆ ಕೇಡು ಮಾಡುವ ಯೋಚನೆ ನಿಮ್ಮೊಳಗೇ ಎದ್ದರೆ ಅಡಗಬೇಡಿ, ಇಂದೇ ಮನೋವೈದ್ಯರಿಗೆ ಹೇಳಿ. ಶಿಕ್ಷೆ ಮುಗಿಸಿದವನು ನಿಮ್ಮ ಬೀದಿಗೆ ಬಂದರೆ, ಕಲ್ಲೆತ್ತುವ ಮೊದಲು ಅವನ ಮೇಲೆ ಕಣ್ಣಿಡುವವರ ಜೊತೆ ಒಂದು ಕುರ್ಚಿ ಎಳೆದು ಕೂರಿ.