ತೆಗಿ ಅನ್ನುವ ತನಕ

ಚಪ್ಪಲಿಯೊಳಗೆ ಮರಳು ಸೇರಿಕೊಂಡಿದೆ, ಹೆಜ್ಜೆ ಇಟ್ಟಾಗಲೆಲ್ಲ ಚುಚ್ಚುತ್ತದೆ, ನಿಂತು ಕೊಡವಿಕೊಳ್ಳಬೇಕು, ಆದರೆ ನಿಂತರೆ ತಿರುಗಿ ನೋಡಿಬಿಡುತ್ತಾಳೆ, ತನ್ನನ್ನು ತಾನು ಬಲ್ಲಳು, ಅದಕ್ಕೇ ನಿಲ್ಲುವುದಿಲ್ಲ, ಚುಚ್ಚಿದರೆ ಚುಚ್ಚಲಿ — ಅಕ್ಕಾ, ಹೊರಟ ಮೇಲೆ ಹಿಂದೆ ನೋಡ್ಬೇಡ, ಮಗು ನಿನ್ನ ಮುಖ ಕಂಡ್ರೆ ಮುಗೀತು ಕಥೆ, ಅಂದಿದ್ದ ತಮ್ಮ, ಆಟದಲ್ಲಿ ಮೈಮರೆತಿರುವಾಗ ಮೆಲ್ಲಗೆ ಎದ್ದುಬಿಡು, ಮೇಲೆ ರಸ್ತೆಗೆ ಹೋದ್ರೆ ಬಸ್ ಸಿಗುತ್ತೆ, ನಾವು ಸಂಜೆ ಹತ್ತಿ ಬಂದು ಕಾರಲ್ಲಿ ಹಾಗೇ ನಮ್ಮೂರಿಗೆ ಹೊರಟುಬಿಡ್ತೀವಿ, ಹೇಳಿ ಕೇಳಿ ಅಳಿಸೋದು ಯಾಕೆ. ಹೇಳುವುದಕ್ಕೇನು ಇವನಿಗೆ, ಬಂದರಿನಲ್ಲಿ ಕ್ರೇನಿನ ಮೇಲೆ ಕೂತು ಪೆಟ್ಟಿಗೆಗಳನ್ನು ಅಲ್ಲಿಂದೆತ್ತಿ ಇಲ್ಲಿಡುವ ಮಹಾರಾಯ, ಮಗುವನ್ನೂ ಹಾಗೇ ಎತ್ತಿಡಬಹುದು ಅಂದುಕೊಂಡಿದ್ದಾನೆ. ಬೆಳಿಗ್ಗೆ ಇಳಿದದ್ದೂ ಇದೇ ಕಾಲುದಾರಿ, ಆಗ ಮಗು ಸೊಂಟದ ಮೇಲಿತ್ತು, ಬಟಾಣಿ ಅಂತಲೇ ಅವಳು ಕರೆಯುವುದು ಅದನ್ನು, ಸಮುದ್ರ ಎಲ್ಲಿ, ಸಮುದ್ರ ಯಾಕೆ ಬಚ್ಚಿಟ್ಕೊಂಡಿದೆ, ನಂಗೆ ಬಿಸ್ಕತ್ತು ಬೇಕು, ಅದಕ್ಕೂ ಕೊಡೋಣ — ಈಗ ಸೊಂಟ ಖಾಲಿ, ಆದರೂ ಒಂದು ಬದಿಗೆ ವಾಲಿಕೊಂಡೇ ನಡೆಯುತ್ತಿದ್ದಾಳೆ, ಮೈಗೆ ಬುದ್ಧಿ ಎಲ್ಲಿದೆ, ಯಾರಾದರೂ ಹೇಳಬೇಕು ಅದಕ್ಕೆ, ಮುಗಿಯಿತು ಕಣೇ, ನೆಟ್ಟಗೆ ನಡಿ. ಹಾಲು ಬಿಡದ ಕೂಸು, ತಾಯಿ ಜ್ವರ ಅಂತ ಆಸ್ಪತ್ರೆಗೆ ಹೋದವಳು ಬರಲೇ ಇಲ್ಲ, ಸ್ವಲ್ಪ ದಿನ ನೋಡ್ಕೋ ಅಕ್ಕಾ ಅಂತ ತಮ್ಮ ತಂದು ಮಡಿಲಿಗೆ ಹಾಕಿದ, ಸ್ವಲ್ಪ ದಿನ ಅಂದರೆ ಹಲ್ಲು ಬಂದು, ನಡಿಗೆ ಬಂದು, ಮಾತು ಬಂದು, ಈಗ ನಾಲ್ಕು ತುಂಬುತ್ತಾ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಹೆರದವಳಿಗೆ ಯಾಕೆ ಮುದ್ದಾಗಬೇಕಿತ್ತು ಹಾಳಾದ್ದು. ಲಾಂಡ್ರಿ ವ್ಯಾನಿನ ಡ್ರೈವರು ಮದುವೆ ಮಾತಾಡಲು ಬಂದವನು, ಮಗು ಯಾರದು ಅಂದ, ನನ್ನದೇ ಅಂದುಬಿಟ್ಟಳು, ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋದ, ಹೋಗಲಿ ಪೀಡೆ ಅಂತ ಅವತ್ತು ರಾತ್ರಿ ನಕ್ಕಿದ್ದೇ ನಕ್ಕಿದ್ದು. ಅದರಪ್ಪ ಫೋನಿನಲ್ಲಿ ಕಲಿಸಿದ್ದು ಅತ್ತೆ, ಬಟಾಣಿಯ ಬಾಯಿಗೆ ಬಂದದ್ದು ಅತ್ತಮ್ಮ, ಎರಡನೇ ಮದುವೆಯಾದ ಮೇಲೆ ತಮ್ಮ ತಿದ್ದಲು ಶುರುಮಾಡಿದ, ಅತ್ತೆ ಅನ್ನು ಕಂದಾ, ಅಮ್ಮ ಇಲ್ಲಿದಾಳೆ ನೋಡು, ಮಗು ಒಮ್ಮೆ ಅತ್ತ ನೋಡಿತು, ಒಮ್ಮೆ ಇತ್ತ ನೋಡಿತು, ಕೊನೆಗೆ ಯಾರನ್ನೂ ಏನೂ ಕರೆಯದೆ ನೀರು ಬೇಕು ಅಂದಿತು. ಮಗುವಿನ ಚೀಲ ಕಾರಿನ ಡಿಕ್ಕಿಯಲ್ಲಿದೆ, ಅವಳೇ ತುಂಬಿದ್ದು, ಎಲ್ಲ ಬಟ್ಟೆಗೂ ಇಸ್ತ್ರಿ ಹಾಕಿ, ಚಡ್ಡಿಗೂ ಇಸ್ತ್ರಿ, ಹುಚ್ಚಿ.

ಹೋಟೆಲಿನ ಲಾಂಡ್ರಿಯಲ್ಲಿ ದಿನವಿಡೀ ಅದೇ ತಾನೇ, ಹಬೆ, ಯಾರೋ ಮಲಗೆದ್ದ ಹಾಸಿಗೆ ಬಟ್ಟೆ, ಒಂದು ತುದಿ ಅವಳು, ಇನ್ನೊಂದು ತುದಿ ಜೊತೆಯವಳು, ಮಡಿಸುತ್ತ ಮಡಿಸುತ್ತ ಹತ್ತಿರ ಬರುವುದು, ಮಗುವನ್ನು ನೋಡಿಕೊಳ್ಳುವ ಕೆಳಮನೆಯ ಅಜ್ಜಿಗೆ ಹುಷಾರಿಲ್ಲದ ದಿನ ಬಟಾಣಿಯೂ ಜೊತೆಗೆ ಬಂದು ದಿಂಬಿನ ಕವರುಗಳ ಬುಟ್ಟಿಯೊಳಗೆ ಬೆಚ್ಚಗೆ ನಿದ್ದೆ ಹೋಗುತ್ತಿತ್ತು, ನಾಳೆ ಆ ಬುಟ್ಟಿಯನ್ನು ಹೇಗೆ ನೋಡುವುದು, ನೋಡಲೇಬೇಕು, ಕವರು ಬೇಕಲ್ಲ. ನರ್ಸಮ್ಮ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು, ತಮ್ಮನ ಹೊಸ ಹೆಂಡತಿ, ನರ್ಸು, ಬೈಯಲು ಒಂದು ನೆಪ ಬೇಡವೇ, ಇಳಿಯುವಾಗ ಕಲ್ಲು ತಾಗಿ ಬಟಾಣಿಯ ಮಂಡಿ ತರಚಿದಾಗ ಅಯ್ಯೋ ಕುಯ್ಯೋ ಅನ್ನದೆ ನೀರು ಹಾಕಿ ಒರೆಸಿ ಊದಿದಳು, ಮಗು ಅಳಲಿಲ್ಲ, ಇನ್ನೊಂದ್ಸಲ ಊದು ಅಂದಿತು, ಅವಳಿಗೆ, ನನಗಲ್ಲ. ಮತ್ತೆ ಕೆಳಗೆ ಮರಳಿನ ಮೇಲೆ ಟವೆಲ್ ಹಾಸುತ್ತ ಅದೇ ನರ್ಸಮ್ಮ ಮೆತ್ತಗೆ ಅಂದಳು, ಅಕ್ಕಾ, ಹೇಳ್ದೆ ಹೋಗೋದು ನಂಗ್ಯಾಕೋ ಸರಿ ಅನ್ನಿಸ್ತಿಲ್ಲ, ಒಂದು ಮಾತು ಹೇಳಿ ಹೋಗಿ, ಅತ್ರೆ ಅಳ್ಲಿ, ನಾನಿದೀನಿ. ತಮ್ಮ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ನಿನ್ನಿಷ್ಟ ಅಕ್ಕಾ ಅಂದ. ಹೇಳಬಹುದಿತ್ತು. ಕಂದಾ, ನೀನು ಅಪ್ಪನ ಮನೆಗೆ ಹೋಗ್ತೀಯ, ಅತ್ತಮ್ಮ ಇಲ್ಲೇ ಇರ್ತಾಳೆ — ಇಷ್ಟೇ ಮಾತು, ಬಾಯಿಗೆ ಬಂದಿತ್ತು, ನುಂಗಿಕೊಂಡಳು. ಅಳುತ್ತದೆ ಅಂತಲ್ಲ, ಅದನ್ನು ತಮ್ಮನಿಗೆ ಹೇಳಲಿ, ತನಗೆ ತಾನು ಯಾಕೆ ಸುಳ್ಳು ಹೇಳಿಕೊಳ್ಳಬೇಕು, ಅಳದಿದ್ದರೆ ಅಂತ ಹೆದರಿದಳು, ಸರಿ ಅತ್ತಮ್ಮಾ ಅಂದು ಮತ್ತೆ ಮರಳು ತೋಡಲು ಕೂತುಬಿಟ್ಟರೆ ಅಂತ, ಅದನ್ನು ನೋಡಿ ಬದುಕಿರುವ ಗುಂಡಿಗೆ ಇವಳಿಗಿಲ್ಲ. ಅದಕ್ಕೇ ಸದ್ದಿಲ್ಲದೆ ಎದ್ದಳು, ಎದ್ದದ್ದೇ ತಡ, ಬಟಾಣಿ ತಲೆಯೆತ್ತಿತು, ಎಲ್ಲಿಗೆ ಅತ್ತಮ್ಮಾ, ಆಗ ನಾಲಿಗೆ ತನ್ನಷ್ಟಕ್ಕೆ ಆಡಿಬಿಟ್ಟಿತು, ದಿನಾ ಬೆಳಿಗ್ಗೆ ಆಡಿ ಆಡಿ ಸವೆದ ಮಾತು, ಕಣ್ಣು ಮುಚ್ಕೋ.

ಕೆಲಸಕ್ಕೆ ಹೊರಟರೆ ಕಾಲು ಹಿಡಿದುಕೊಂಡು ರಂಪ ಮಾಡುತ್ತಿತ್ತಲ್ಲ, ಅದಕ್ಕೆ ಹೂಡಿದ ಆಟ, ಕಣ್ಣು ಮುಚ್ಕೋ ಅಂದರೆ ಎರಡೂ ಕೈಯಲ್ಲಿ ಮುಚ್ಚಿಕೊಂಡು ನಿಲ್ಲುತ್ತದೆ, ಇವಳು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದು ಬೀದಿಗೆ ಬಂದು, ತೆಗಿ ಅಂತ ಕೂಗಬೇಕು, ಕೂಗಿದ ಮೇಲೇ ಕೈ ತೆಗೆಯುವುದು, ಕಿಟಕಿಗೆ ಓಡಿ ಬಂದು ನಕ್ಕು ಕೈಬೀಸುವುದು, ಬೆರಳ ಸಂದಿಯಲ್ಲಿ ಒಂದು ದಿನವೂ ಕದ್ದು ನೋಡಿದ್ದಿಲ್ಲ, ಬೇಕಿದ್ರೆ ನೀನೇ ನೋಡು, ಎಂಥ ಪ್ರಾಮಾಣಿಕ ಮುಂಡೇದು ಅಂತ ಅಜ್ಜಿ ಬೆರಗಾಗುತ್ತಿದ್ದಳು — ಅಯ್ಯೋ, ಆ ಆಟವನ್ನೇ ಆಡಿ ಬಂದೆನಲ್ಲ, ಬೇರೆ ಸುಳ್ಳು ಸಿಗಲಿಲ್ಲವೇ ನನಗೆ, ನೀರು ತರ್ತೀನಿ ಅನ್ನಬಹುದಿತ್ತು, ಚಿಪ್ಪು ಹುಡುಕ್ತೀನಿ ಅನ್ನಬಹುದಿತ್ತು, ಬೈದುಕೊಳ್ಳಲಿ, ಮರೆಯಲಿ, ಆದರೆ ಇದು, ಈಗ ಕೈ ತೆಗೆದಿರುತ್ತದೆ ಬಿಡು, ಮಕ್ಕಳಿಗೆ ಎಷ್ಟು ತಾಳ್ಮೆ, ತಮ್ಮ ಚೆಂಡು ತೋರಿಸಿರುತ್ತಾನೆ, ಅಲೆ ಬಂದು ಕಾಲು ತೋಯಿಸಿರುತ್ತದೆ, ಕೇಕೆ ಹಾಕಿ ಓಡಿರುತ್ತದೆ, ಅತ್ತಮ್ಮ ಯಾರು ಅತ್ತಮ್ಮ. ತಿರುವು ಬಂತು. ಇದನ್ನು ದಾಟಿದರೆ ಪೊದೆ ಅಡ್ಡ ಬರುತ್ತದೆ, ಆಮೇಲೆ ನೋಡಬೇಕೆಂದರೂ ಏನೂ ಕಾಣುವುದಿಲ್ಲ, ಕಾಣಿಸದಿರುವುದೇ ಒಳ್ಳೆಯದು, ದಾಟು, ದಾಟಿಬಿಡು, ಚಪ್ಪಲಿ ಕೊಡವಿಕೊಳ್ಳುವ ನೆಪದಲ್ಲಿ ಬಗ್ಗಿದಳು, ಬಗ್ಗಿದವಳು ತಿರುಗಿದಳು. ಕೆಳಗೆ ಬೊಗಸೆಯಷ್ಟು ತೀರ, ಬೇರೆ ಒಂದು ನರಪಿಳ್ಳೆಯೂ ಇಲ್ಲ, ತಮ್ಮ ಚೆಂಡು ಹಿಡಿದು ಪೆಚ್ಚಾಗಿ ನಿಂತಿದ್ದಾನೆ, ನರ್ಸಮ್ಮ ಮಂಡಿಯೂರಿ ಮಗುವಿನ ಮಣಿಕಟ್ಟು ಹಿಡಿದು ಏನೋ ರಮಿಸುತ್ತಿದ್ದಾಳೆ, ಮಗು ತಲೆ ಅಲ್ಲಾಡಿಸುತ್ತದೆ, ಇಲ್ಲ, ಇಲ್ಲ, ಅಲೆಯ ಸದ್ದಿಗೆ ಏನೂ ಕೇಳದಿದ್ದರೂ ಗೊತ್ತು ಇವಳಿಗೆ, ಅತ್ತಮ್ಮ ಇನ್ನೂ ಹೇಳಿಲ್ಲ, ಕಣ್ಣ ಮೇಲೆ ಎರಡು ಕೈ, ಮರಳು ಮೆತ್ತಿದ ಕೈ. ಕೂಗಲೇ, ಕೂಗಿದರೆ ತೆಗೆಯುತ್ತದೆ, ತೆಗೆದರೆ ನಾನು ಎಲ್ಲಿ ಅಂತ ಹುಡುಕುತ್ತದೆ, ಕಂಡರೆ ಹತ್ತಿ ಬರುತ್ತದೆ, ಕೂಗದಿದ್ದರೆ, ಕೂಗದೆ ಹೋದರೆ, ಬಾಯಿ ತೆರೆದಿದ್ದಾಳೆ, ಒಂದೇ ಮಾತು, ಎರಡು ಕೈ, ಕಣ್ಣ ಮೇಲೆ, ಎಷ್ಟು ಗಟ್ಟಿಯಾಗಿ ಒತ್ತಿಕೊಂಡಿದೆ, ನೋಯುವುದಿಲ್ಲವೇ ಕಂದಾ, ಎರಡು ಕೈ, ಇನ್ನೂ ತೆಗೆದಿಲ್ಲ, ಇನ್ನೂ